ಗ್ರಹಣಕ್ಕೆ ಕಾಯದೆ ಸೂರ್ಯನನ್ನು ನೋಡಿದವರು

ಜಮಖಂಡಿ ಎಂದರೆ ನಮಗೆ ನೆನಪಾಗುವುದು ಕಬ್ಬಿನ ಗದ್ದೆ, ಕೃಷ್ಣೆಯ ದಂಡೆ, ಪಟವರ್ಧನ ಮನೆತನದ ಸಂಸ್ಥಾನ. ಖಗೋಳ ವಿಜ್ಞಾನದ ಚರಿತ್ರೆಯಲ್ಲೂ ಈ ಊರಿಗೆ ಒಂದು ಸಾಲಿನ ಜಾಗವಿದೆ ಎಂಬುದು ಆ ಭಾಗದವರಿಗೂ ಅಷ್ಟಾಗಿ ಗೊತ್ತಿರಲಾರದು. 1868ರ ಆಗಸ್ಟ್ 18ರ ಬೆಳಗಿನ ಹೊತ್ತು ಅಲ್ಲಿ ದೂರದರ್ಶಕವನ್ನು ಹೂಡಿಕೊಂಡು, ಮಳೆಗಾಲದ ಮೋಡಗಳ ಸಂದಿಯಿಂದ ಸೂರ್ಯ ಕಾಣಿಸುವುದನ್ನೇ ಕಾಯುತ್ತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಭಾರತದ ಭೂಮಾಪನ ಇಲಾಖೆಯಲ್ಲಿ ನೌಕರಿ. ಅಂದು ಖಗ್ರಾಸ ಸೂರ್ಯಗ್ರಹಣ. ಲಂಡನ್ನಿನ ರಾಯಲ್ ಸೊಸೈಟಿ ಅದಕ್ಕಾಗಿಯೇ ಉಪಕರಣಗಳನ್ನು ಕಳಿಸಿಕೊಟ್ಟಿತ್ತು.

ಗ್ರಹಣದ ನೆರಳು ಏಡನ್ ಕಡೆಯಿಂದ ಅರಬ್ಬಿ ಸಮುದ್ರ ದಾಟಿ, ಜಮಖಂಡಿ, ಬಿಜಾಪುರಗಳ ಮೇಲೆ ಹಾದು, ಗುಂಟೂರು, ಮಚಲೀಪಟ್ಟಣಗಳತ್ತ ಓಡಿತು. ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಮೇಜರ್ ಟೆನೆಂಟ್ ಮತ್ತು ಫ್ರಾನ್ಸಿನಿಂದ ಬಂದಿದ್ದ ಜೂಲ್ಸ್ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೇಧಶಾಲೆಯ ನಾರ್ಮನ್ ಪಾಗ್‌ಸನ್ ಕಾದಿದ್ದರು. ಇಷ್ಟೆಲ್ಲ ಸಿದ್ಧತೆ ಐದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನ ಕತ್ತಲೆಗಾಗಿ. ಮೋಡದ ಒಂದು ತುಣುಕು ಅಡ್ಡ ಬಂದರೆ ತಿಂಗಳುಗಟ್ಟಲೆಯ ಶ್ರಮ ಹೊಳೆಯಲ್ಲಿ ಹುಣಸೆ ತೊಳೆದಂತೆಯೇ ಸರಿ.

ಗ್ರಹಣ ಎಂದು ಹಿಡಿಯುತ್ತದೆ, ಎಂದು ಬಿಡುತ್ತದೆ ಎಂಬುದನ್ನು ನಮ್ಮ ಪಂಚಾಂಗಕರ್ತರು ಶತಮಾನಗಳಿಂದ ಲೆಕ್ಕ ಹಾಕಿ ಹೇಳುತ್ತ ಬಂದಿದ್ದಾರೆ. ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ ಗ್ರಹಣ ಬಿಟ್ಟಿತೇ ಎಂದು ನೋಡುವ ವಾಡಿಕೆಯನ್ನು ನಮ್ಮ ಹಳ್ಳಿಗಳ ಹಿರಿಯರು ಈಗಲೂ ನೆನೆಸಿಕೊಳ್ಳುತ್ತಾರೆ. ಆದರೆ 1868ರ ವೀಕ್ಷಕರ ಪ್ರಶ್ನೆ ಬೇರೆಯಾಗಿತ್ತು. ಗ್ರಹಣ ಯಾವಾಗ ಎಂಬುದಲ್ಲ. ಸೂರ್ಯಬಿಂಬ ಮರೆಯಾದಾಗ ಅದರ ಅಂಚಿನಲ್ಲಿ ಕೆಂಪಗೆ ಚಾಚಿಕೊಂಡು ಕಾಣುವ ಆ ನಾಲಿಗೆಗಳು ಏನು ಎಂಬುದು.

ನಾವು ದಿನವೂ ಕಾಣುವ ಸೂರ್ಯಬಿಂಬ ಸೂರ್ಯನ ಪೂರ್ತಿ ರೂಪವಲ್ಲ. ಕಣ್ಣು ಕೋರೈಸುವ ಆ ಮೇಲ್ಮೈಯನ್ನು ದ್ಯುತಿಗೋಳ ಎನ್ನುತ್ತಾರೆ. ಅದರ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ತೆಳ್ಳನೆಯ, ಕೆಂಪು ಛಾಯೆಯ ವರ್ಣಗೋಳ. ಅದಕ್ಕೂ ಹೊರಗೆ ಲಕ್ಷಾಂತರ ಕಿಲೊಮೀಟರ್ ಹರಡಿಕೊಂಡ, ಮುತ್ತಿನ ಬಣ್ಣದ ಕಿರೀಟ, ಅಂದರೆ ಕರೋನಾ. ಈ ಎರಡು ಹೊರಪದರಗಳೇ ಸೂರ್ಯನ ವಾತಾವರಣ. ಅಲ್ಲಿ ನಡೆಯುವ ಯಾವ ಗದ್ದಲವೂ ನಮಗೆ ಕಾಣುವುದಿಲ್ಲ, ಏಕೆಂದರೆ ದ್ಯುತಿಗೋಳದ ಪ್ರಖರತೆಯ ಮುಂದೆ ಅವುಗಳ ಬೆಳಕು ಏನೇನೂ ಅಲ್ಲ. ಜಾತ್ರೆಯ ಮೈದಾನದ ದೊಡ್ಡ ದೀಪದ ಪಕ್ಕದಲ್ಲಿ ಹಾರುವ ಮಿಂಚುಹುಳುವನ್ನು ಯಾರು ಕಂಡಾರು? ದೀಪಕ್ಕೆ ಯಾರಾದರೂ ಕೈ ಅಡ್ಡ ಹಿಡಿಯಬೇಕು. ಖಗ್ರಾಸ ಗ್ರಹಣದಲ್ಲಿ ಚಂದ್ರ ಮಾಡುವುದು ಅದನ್ನೇ.

ಅಂಚಿನ ಕೆಂಪು ನಾಲಿಗೆಗಳನ್ನು ನಾವಿಲ್ಲಿ ಚಾಚುಜ್ವಾಲೆಗಳು ಎಂದು ಕರೆಯೋಣ. ಹೆಸರಿನಲ್ಲಿ ಜ್ವಾಲೆ ಇದ್ದರೂ ಇವು ಬೆಂಕಿಯಲ್ಲ. ಕರೋನಾದ ನಡುವೆ ಕಾಂತಕ್ಷೇತ್ರದ ಹಿಡಿತದಲ್ಲಿ ತೇಲಿ ನಿಂತ ಅನಿಲದ ಮೋಡಗಳು. ಆದರೆ 1868ರವರೆಗೆ ಇದು ಯಾರಿಗೂ ಖಚಿತವಿರಲಿಲ್ಲ. ಇವು ಚಂದ್ರನಿಗೆ ಸೇರಿದವೋ ಸೂರ್ಯನಿಗೆ ಸೇರಿದವೋ ಎಂಬ ಚರ್ಚೆ ಕೇವಲ ಎಂಟು ವರ್ಷಗಳ ಹಿಂದೆ, 1860ರ ಗ್ರಹಣದ ಛಾಯಾಚಿತ್ರಗಳಿಂದ ಬಗೆಹರಿದಿತ್ತು. ಸೂರ್ಯನಿಗೆ ಸೇರಿದವು, ಸರಿ, ಯಾವುದರಿಂದ ಆಗಿವೆ?

ಉತ್ತರ ಹೇಳಲು ರೋಹಿತದರ್ಶಕ ಎಂಬ ಹೊಸ ಉಪಕರಣ ಸಿದ್ಧವಾಗಿತ್ತು. ಬೆಳಕನ್ನು ಕಾಮನಬಿಲ್ಲಿನಂತೆ ಬಣ್ಣಬಣ್ಣಗಳಾಗಿ ಬಿಡಿಸುವ ಸಾಧನ ಅದು. ಕಾದ ಅನಿಲವಾದರೆ ಎಲ್ಲ ಬಣ್ಣಗಳ ಪಟ್ಟಿ ಕಾಣದೆ ಅಲ್ಲೊಂದು ಇಲ್ಲೊಂದು ಉಜ್ವಲ ಗೆರೆ ಮಾತ್ರ ಕಾಣಬೇಕು. ಜಮಖಂಡಿಯಲ್ಲಿ ಮೋಡ ಸರಿದ ಅಲ್ಪ ಹೊತ್ತಿನಲ್ಲಿ ಹರ್ಷೆಲ್ ಕಂಡದ್ದು ಅಂಥ ಮೂರು ಗೆರೆಗಳನ್ನು: ಕೆಂಪು, ಕಿತ್ತಳೆ, ನೀಲಿ. ಬಿಜಾಪುರ, ಗುಂಟೂರುಗಳಿಂದಲೂ ಅಂಥದೇ ವರದಿ ಬಂತು. ಚಾಚುಜ್ವಾಲೆಗಳು ಅನಿಲ, ಬಹುಪಾಲು ಹೈಡ್ರೊಜನ್ ಎಂಬುದು ಒಂದೇ ಬೆಳಿಗ್ಗೆ ತೀರ್ಮಾನವಾಯಿತು. ಟೆನೆಂಟ್ ತಂಡ ತೆಗೆದ ಛಾಯಾಚಿತ್ರಗಳಲ್ಲಿ ಒಂದು ಜ್ವಾಲೆ ತಿರುಚಿಕೊಂಡ ಕೊಂಬಿನ ಹಾಗೆ ಲಕ್ಷ ಕಿಲೊಮೀಟರಿಗೂ ಎತ್ತರ ಎದ್ದು ನಿಂತಿತ್ತು. ಅದರ ಪಕ್ಕದಲ್ಲಿ ನಮ್ಮ ಭೂಮಿಯನ್ನಿಟ್ಟರೆ ಗೋಲಿಯಷ್ಟು.

ಮರುದಿನದ ಬೆಳಗು

ಅಂದು ಎಲ್ಲರೂ ಕಂಡದ್ದನ್ನೇ ಜಾನ್ಸೆನ್ನನೂ ಕಂಡ. ಆದರೆ ಅವನಿಗೆ ಇನ್ನೊಂದು ವಿಚಾರ ಹೊಳೆಯಿತು. ಈ ಗೆರೆಗಳು ಇಷ್ಟು ಉಜ್ವಲವಾಗಿದ್ದರೆ ಗ್ರಹಣವಿಲ್ಲದಾಗಲೂ ಇವು ಕಾಣಬೇಕಲ್ಲ? ಅಂದು ಮಧ್ಯಾಹ್ನ ಮೋಡ ಕವಿಯಿತು. ಮರುದಿನ, ಆಗಸ್ಟ್ 19ರ ಬೆಳಿಗ್ಗೆ, ರೋಹಿತದರ್ಶಕದ ಸೀಳನ್ನು ಸೂರ್ಯನ ಅಂಚಿನ ಹೊರಗೆ ಇಟ್ಟು ನೋಡಿದ. ಹಿಂದಿನ ದಿನ ಕತ್ತಲಲ್ಲಿ ಕಂಡ ಗೆರೆ ಹಗಲು ಬೆಳಕಿನಲ್ಲೇ ಹೊಳೆಯುತ್ತಿತ್ತು.

ಇದು ಸಾಧ್ಯವಾದದ್ದು ಹೇಗೆ? ಒಂದು ಚೀಲ ಜೋಳವನ್ನು ಕಣದ ತುಂಬ ತೆಳ್ಳಗೆ ಹರಡಿ, ಅದರ ಮೇಲೆ ಒಂದು ಬೊಗಸೆ ಕಡಲೆಯನ್ನು ಒಂದೇ ಕಡೆ ಸುರಿದಂತೆ ಊಹಿಸಿಕೊಳ್ಳಿ. ಜೋಳ ಒಟ್ಟಿನಲ್ಲಿ ಎಷ್ಟೋ ಪಾಲು ಹೆಚ್ಚು, ಆದರೂ ಎದ್ದು ಕಾಣುವುದು ಕಡಲೆಯ ಗುಡ್ಡೆ. ಸೂರ್ಯನ ಸುತ್ತಲಿನ ಆಕಾಶದ ಹೊಳಪಿನಲ್ಲಿ ಎಲ್ಲ ಬಣ್ಣಗಳೂ ಇವೆ. ರೋಹಿತದರ್ಶಕ ಅದನ್ನು ಉದ್ದಕ್ಕೂ ಹರಡಿ ತೆಳುವಾಗಿಸುತ್ತದೆ. ಚಾಚುಜ್ವಾಲೆಯ ಬೆಳಕಾದರೋ ಎರಡು ಮೂರು ಗೆರೆಗಳಲ್ಲಿ ಗುಡ್ಡೆ ಹಾಕಿಕೊಂಡಿರುತ್ತದೆ. ಅದು ತೆಳುವಾಗುವುದಿಲ್ಲ.

ಜಾನ್ಸೆನ್ ಗುಂಟೂರಿನಲ್ಲೇ ಉಳಿದು ಎರಡು ವಾರಗಳಿಗೂ ಹೆಚ್ಚು ಕಾಲ ಜ್ವಾಲೆಗಳನ್ನು ನೋಡಿದ. ಅವು ದಿನದಿಂದ ದಿನಕ್ಕೆ ಆಕಾರ ಬದಲಿಸುವುದನ್ನು ಗುರುತಿಸಿದ. ಕಾಕಿನಾಡದಿಂದ ಅವನು ಬರೆದ ಪತ್ರ ಹಡಗಿನಲ್ಲಿ ಪ್ಯಾರಿಸ್ ಮುಟ್ಟುವ ಹೊತ್ತಿಗೆ, ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣವನ್ನೇ ನೋಡದೆ ಸ್ವತಂತ್ರವಾಗಿ ಇದೇ ವಿಧಾನ ಕಂಡುಕೊಂಡಿದ್ದ. ಇಬ್ಬರ ವರದಿಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಒಂದೇ ದಿನ, 1868ರ ಅಕ್ಟೋಬರ್ 26ರಂದು, ಓದಲ್ಪಟ್ಟವು. ಯಾರು ಮೊದಲು ಎಂದು ಕಾದಾಡುವ ಬದಲು ಇಬ್ಬರೂ ಸ್ನೇಹಿತರಾದರು; ಫ್ರೆಂಚ್ ಸರಕಾರ ಇಬ್ಬರ ಮುಖಗಳನ್ನೂ ಒಂದೇ ಪದಕದಲ್ಲಿ ಮುದ್ರಿಸಿತು. ಆ ಗೆರೆಗಳಲ್ಲೊಂದು, ಹಳದಿಯದು, ಭೂಮಿಯ ಮೇಲಿನ ಯಾವ ವಸ್ತುವಿನ ಗೆರೆಗೂ ತಾಳೆಯಾಗಲಿಲ್ಲ. ಅದು ಹೊಸ ಧಾತುವಿನದು ಎಂದು ಲಾಕಿಯರ್ ವಾದಿಸಿದ. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಆ ಧಾತುವನ್ನು ಒಂದು ಖನಿಜದಲ್ಲಿ ಕಂಡ. ಸೂರ್ಯನ ಗ್ರೀಕ್ ಹೆಸರಾದ ಹೀಲಿಯೋಸ್‌ನಿಂದ ಹೆಸರು ಪಡೆದ ಹೀಲಿಯಂ ಅದು.

ಹೀಲಿಯಂನ ಕತೆ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಆದರೆ ಆಗಸ್ಟ್ 19ರ ಬೆಳಗಿಗೆ ಅದಕ್ಕಿಂತ ದೊಡ್ಡ ಮಹತ್ವವಿದೆ ಎನ್ನಬೇಕು. ಸೂರ್ಯನ ವಾತಾವರಣವನ್ನು ನೋಡಲು ಇನ್ನು ಚಂದ್ರನ ಕೃಪೆ ಬೇಡ. ವರ್ಷಗಟ್ಟಲೆ ಕಾದು, ಸಮುದ್ರ ದಾಟಿ, ಐದು ನಿಮಿಷ ನೋಡುವ ಸಂಗತಿ ಅದರೊಂದಿಗೆ ದಿನಚರಿಯಾಗಿ ಮಾರ್ಪಟ್ಟಿತು.

ಬರಗಾಲದಿಂದ ಹುಟ್ಟಿದ ವೇಧಶಾಲೆ

ದಿನಚರಿ ಬರೆಯಲು ಯಾರಾದರೂ ಕೂರಬೇಕಲ್ಲ? ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಕಾರಣವಾದದ್ದು ಕುತೂಹಲವಲ್ಲ, ಹಸಿವು. 1876ರಿಂದ 78ರವರೆಗಿನ ಭೀಕರ ಕ್ಷಾಮವನ್ನು ನಮ್ಮ ಹಿಂದಿನವರು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು ಎಂದರೆ ಅದರ ಕ್ರೌರ್ಯ ಅರ್ಥವಾದೀತು. ಮದರಾಸು, ಮುಂಬಯಿ ಪ್ರಾಂತಗಳ ಸ್ಥಿತಿಯೂ ಅಷ್ಟೇ.

ಮಳೆ ಏಕೆ ಕೈಕೊಟ್ಟಿತು? ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುತ್ತವೆ ಎಂಬುದು ಆ ವೇಳೆಗೆ ತಿಳಿದಿತ್ತು. ಕಲೆಗಳು ತಗ್ಗಿದ ವರ್ಷಗಳಲ್ಲೇ ದಕ್ಷಿಣ ಭಾರತಕ್ಕೆ ಬರ ಬರುತ್ತದೆ ಎಂದು ಡಬ್ಲ್ಯು. ಡಬ್ಲ್ಯು. ಹಂಟರ್ 1877ರಲ್ಲಿ ವಾದಿಸಿದ. ಲಾಕಿಯರ್ ಅವನ ಜೊತೆಗೂಡಿದ. ಸೂರ್ಯನನ್ನು ಬಿಡದೆ ಗಮನಿಸಿದರೆ ಬರವನ್ನು ಮುಂದಾಗಿಯೇ ಹೇಳಬಹುದೆಂಬ ಆಸೆ ಹುಟ್ಟಿತು. ಕೊನೆಗೆ 1893ರಲ್ಲಿ ಲಾರ್ಡ್ ಕೆಲ್ವಿನ್ ಅಧ್ಯಕ್ಷತೆಯ ಸಮಿತಿ ದಕ್ಷಿಣದ ಬೆಟ್ಟಗಳಲ್ಲಿ ಸೌರ ವೇಧಶಾಲೆಯೊಂದು ಬೇಕೆಂದು ತೀರ್ಮಾನಿಸಿತು. ಮಿಚಿ ಸ್ಮಿತ್ ಎಂಬಾತ ಜಾಗ ಪರಿಶೀಲಿಸಿ ಪಳನಿ ಬೆಟ್ಟಗಳ ಕೊಡೈಕೆನಾಲನ್ನು ಆರಿಸಿದ. ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರ, ಧೂಳು ಕಡಿಮೆ. 1899ರಲ್ಲಿ ಸ್ಥಾಪನೆಯಾದ ಈ ವೇಧಶಾಲೆಯಲ್ಲಿ 1901ರಿಂದ ಕ್ರಮಬದ್ಧ ವೀಕ್ಷಣೆ ಆರಂಭವಾಯಿತು.

ಅಷ್ಟರಲ್ಲಿ ಅಮೆರಿಕದ ಹೇಲ್ ಮತ್ತು ಫ್ರಾನ್ಸಿನ ದೆಲಾಂದ್ರ ಜಾನ್ಸೆನ್ನನ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದಿದ್ದರು. ಒಂದೇ ಒಂದು ಬಣ್ಣದ ಗೆರೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆದು, ಆ ಗೆರೆಯ ಬೆಳಕಿನಲ್ಲಿ ಇಡೀ ಸೂರ್ಯನ ಚಿತ್ರ ತೆಗೆಯುವ ಯಂತ್ರ ಅವರದು. ಕ್ಯಾಲ್ಸಿಯಂನ ನೇರಳೆ ಗೆರೆಯಲ್ಲಿ ತೆಗೆದರೆ ವರ್ಣಗೋಳದ ಬಿಸಿ ಪ್ರದೇಶಗಳು ಬಿಳಿ ತೇಪೆಗಳಂತೆ ಮೂಡುತ್ತವೆ. ಹೈಡ್ರೊಜನ್ನಿನ ಕೆಂಪು ಗೆರೆಯಲ್ಲಿ ತೆಗೆದರೆ ಬಿಂಬದ ಮೇಲೆ ಕಪ್ಪು ಎಳೆಗಳು ಕಾಣುತ್ತವೆ. ಅಂಚಿನಲ್ಲಿ ಚಾಚುಜ್ವಾಲೆಯಾಗಿ ಹೊಳೆಯುವ ಮೋಡವನ್ನೇ ಮೇಲಿನಿಂದ ನೋಡಿದಾಗ ಅದು ಕಪ್ಪು ಎಳೆ. ಈ ಬಗೆಯ ಉಪಕರಣ ಕೊಡೈಕೆನಾಲಿಗೂ ಬಂತು. ಶತಮಾನದ ಮೊದಲ ದಶಕದಿಂದ ಗಾಜಿನ ಫಲಕಗಳ ಮೇಲೆ ಸೂರ್ಯನ ಚಿತ್ರ ಸೆರೆಯಾಗತೊಡಗಿತು. ಮೋಡವಿಲ್ಲದ ದಿನವೆಲ್ಲ, ಬೆಳಗಾದರೆ ಒಂದು ಚಿತ್ರ.

1907ರಲ್ಲಿ ಇಲ್ಲಿಗೆ ಬಂದ ಜಾನ್ ಎವರ್ಷೆಡ್ ಎರಡೇ ವರ್ಷಗಳಲ್ಲಿ, 1909ರ ಜನವರಿಯಲ್ಲಿ, ಸೌರಕಲೆಗಳ ಅಂಚಿನ ಭಾಗದಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದ. ಆ ವಿದ್ಯಮಾನಕ್ಕೆ ಜಗತ್ತಿನ ಪಠ್ಯಗಳಲ್ಲಿ ಇಂದಿಗೂ ಅವನದೇ ಹೆಸರು. ಅವನ ಹೆಂಡತಿ ಮೇರಿ ಎವರ್ಷೆಡ್ ಕೂಡ ಒಳ್ಳೆಯ ಖಗೋಳಜ್ಞೆ. ಸೌರಕಲೆಗಳಿಗೂ ಚಾಚುಜ್ವಾಲೆಗಳಿಗೂ ಇರುವ ನಂಟನ್ನು ಕುರಿತು ಬರೆದವಳು. ಜ್ವಾಲೆಗಳ ದೀರ್ಘ ಅಧ್ಯಯನವನ್ನು ದಂಪತಿಗಳು 1917ರಲ್ಲಿ ಜೊತೆಯಾಗಿ ಪ್ರಕಟಿಸಿದರು.

ಬರದ ಪ್ರಶ್ನೆ ಏನಾಯಿತು? ಸೌರಕಲೆಗಳನ್ನು ಎಣಿಸಿ ಮಳೆಯನ್ನು ಹೇಳುವ ಆಸೆ ಕೈಗೂಡಲಿಲ್ಲ. ಮುಂಗಾರಿಗೆ ಸಮುದ್ರ, ಗಾಳಿ, ಹಿಮ ಎಂದು ನೂರೆಂಟು ನಂಟರು. ಅವರ ನಡುವೆ ಸೌರಕಲೆಗಳ ದನಿ ತೀರ ಕ್ಷೀಣ. ಆದರೆ ಫಲಕಗಳು ಉಳಿದವು. ಸರಕಾರಗಳು ಬದಲಾದವು, ನಿರ್ದೇಶಕರು ಬದಲಾದರು, ಚಿತ್ರ ತೆಗೆಯುವುದು ನಿಲ್ಲಲಿಲ್ಲ. 1960ರಲ್ಲಿ ನಿರ್ದೇಶಕರಾಗಿ ಬಂದ ವೈಣು ಬಾಪು ಅವರ ಶ್ರಮದಿಂದ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ರೂಪುಗೊಂಡು ಬೆಂಗಳೂರಿನಲ್ಲಿ ನೆಲೆಯಾಯಿತು. ಕೊಡೈಕೆನಾಲ್ ಅದರ ಅಂಗವಾಯಿತು. ನೂರು ವರ್ಷಗಳ ಆ ಫಲಕಗಳನ್ನೆಲ್ಲ ಈಗ ಕಂಪ್ಯೂಟರಿಗೆ ಇಳಿಸಲಾಗಿದೆ. ಉಪಗ್ರಹಗಳೇ ಇಲ್ಲದ ಕಾಲದಲ್ಲಿ ಸೂರ್ಯನ ಕಾಂತಕ್ಷೇತ್ರ ಹೇಗೆ ನಡೆದುಕೊಂಡಿತೆಂದು ತಿಳಿಯಬೇಕಾದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ಕಡತದ ಬಾಗಿಲು ತಟ್ಟಬೇಕು.

ಕಿರೀಟದ ಹಟ

ಚಾಚುಜ್ವಾಲೆ ಜಾನ್ಸೆನ್ನನ ಉಪಾಯಕ್ಕೆ ಬಗ್ಗಿತು. ಕರೋನಾ ಬಗ್ಗಲಿಲ್ಲ. ಸೂರ್ಯಬಿಂಬದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ಅದರ ಹೊಳಪಿಲ್ಲ. 1869ರ ಗ್ರಹಣದಲ್ಲಿ ಅಮೆರಿಕದ ವೀಕ್ಷಕರು ಅದರ ರೋಹಿತದಲ್ಲೊಂದು ಹಸಿರು ಗೆರೆ ಕಂಡರು. ಅದೂ ಯಾವ ಧಾತುವಿಗೂ ತಾಳೆಯಾಗಲಿಲ್ಲ. ಹೀಲಿಯಂ ಸಿಕ್ಕ ಹುರುಪಿನಲ್ಲಿ ಇದಕ್ಕೂ ಕರೋನಿಯಂ ಎಂಬ ಹೆಸರಿಟ್ಟರು. ಎಪ್ಪತ್ತು ವರ್ಷ ಹುಡುಕಿದರೂ ಕರೋನಿಯಂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಅದು ನಮ್ಮ ಕಬ್ಬಿಣವೇ ಆಗಿತ್ತು! ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ 1940ರ ಆಸುಪಾಸಿನಲ್ಲಿ ಈ ಒಗಟನ್ನು ಬಿಡಿಸಿದರು. ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡ ಕಬ್ಬಿಣ ಮಾತ್ರ ಆ ಹಸಿರು ಗೆರೆಯನ್ನು ಸೂಸುತ್ತದೆ. ಕಬ್ಬಿಣ ಅಷ್ಟು ಬೆತ್ತಲಾಗಬೇಕಾದರೆ ಉಷ್ಣತೆ ಹತ್ತಿಪ್ಪತ್ತು ಲಕ್ಷ ಡಿಗ್ರಿ ಇರಬೇಕು. ಒಲೆಯಿಂದ ದೂರ ಹೋದಂತೆ ಸೆಕೆ ಹೆಚ್ಚಿದ ಹಾಗೆ ಇದು. ಮೇಲ್ಮೈ ಐದೂವರೆ ಸಾವಿರ ಡಿಗ್ರಿ ಇರುವಾಗ ಅದರ ಹೊರಗಿನ ಕಿರೀಟ ಇಷ್ಟೊಂದು ಕಾಯುವುದು ಹೇಗೆ ಎಂಬುದು ಪೂರ್ತಿಯಾಗಿ ಇತ್ಯರ್ಥವಾಗದ ಪ್ರಶ್ನೆ.

ಗ್ರಹಣವಿಲ್ಲದೆ ಕರೋನಾ ನೋಡುವ ದಾರಿಯನ್ನು ತೋರಿದವನು ಫ್ರಾನ್ಸಿನ ಬರ್ನಾರ್ಡ್ ಲಿಯೊ. ದೂರದರ್ಶಕದ ಒಳಗೇ ಒಂದು ಬಿಲ್ಲೆಯನ್ನಿಟ್ಟು ಬಿಂಬವನ್ನು ಮರೆಮಾಡುವುದು, ಅಂದರೆ ಚಂದ್ರನಿಗೆ ಬದಲಿಯಾಗಿ ಬಿಲ್ಲೆ. ಹೇಳುವುದು ಸುಲಭ. ಮಸೂರದ ಮೇಲಿನ ಒಂದು ಗೀರು, ಒಂದು ಧೂಳಿನ ಕಣ ಸಾಕು, ಚದರಿದ ಬೆಳಕು ಕರೋನಾವನ್ನು ನುಂಗಿಬಿಡುತ್ತದೆ. ಲಿಯೊ ಅತ್ಯಂತ ನಿರ್ಮಲವಾದ ಮಸೂರಗಳನ್ನು ಮಾಡಿಕೊಂಡು ಪಿರನೀಸ್ ಪರ್ವತದ ಪಿಕ್ ದು ಮಿದಿ ಶಿಖರಕ್ಕೆ ಹೋಗಿ 1930–31ರಲ್ಲಿ ಗೆದ್ದ. ಆದರೂ ಭೂಮಿಯ ಗಾಳಿಯೇ ಬೆಳಕನ್ನು ಚದರಿಸುವುದರಿಂದ ಒಳ ಕಿರೀಟವಷ್ಟೇ ದಕ್ಕಿತು.

ಹೀಗಾಗಿ ಗ್ರಹಣಗಳ ಬೆನ್ನು ಹತ್ತುವುದು ನಿಲ್ಲಲಿಲ್ಲ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣ ಹಲವು ಓದುಗರಿಗೆ ನೆನಪಿರಬಹುದು. ನೆರಳು ಕಾರವಾರದ ಕಡೆಯಿಂದ ಒಳಬಂದು ಹುಬ್ಬಳ್ಳಿ, ರಾಯಚೂರು ಸೀಮೆಗಳನ್ನು ಹಾದುಹೋಯಿತು. ಕದ, ಕಿಟಕಿ ಮುಚ್ಚಿಕೊಂಡು ಕೂತವರೇ ಹೆಚ್ಚು. ನಡುಹಗಲು ದಾಟಿದ ಹೊತ್ತಿನಲ್ಲಿ ಬೀದಿಗಳು ಬರಿದಾಗಿದ್ದವು. ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟು, ಮೂರು ನಿಮಿಷಕ್ಕೂ ಕಡಿಮೆ ಹೊತ್ತಿನ ಆ ಕತ್ತಲನ್ನು ಕಣ್ಣಲ್ಲಿ ಕಣ್ಣಿಟ್ಟು ಬಳಸಿಕೊಂಡರು. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಗ್ರಹಣವನ್ನು ನೋಡುವುದರಲ್ಲಿ ಕೇಡಿಲ್ಲ, ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದರಲ್ಲಿ ಕೇಡಿದೆ. ಅದು ಗ್ರಹಣದ ದಿನಕ್ಕೂ ನಿಜ, ಉಳಿದ ದಿನಗಳಿಗೂ ನಿಜ. ನೀರಿನ ತಟ್ಟೆಯ ಪ್ರತಿಬಿಂಬವೂ ಕಣ್ಣಿಗೆ ಸುರಕ್ಷಿತವಲ್ಲ.

ಕರೋನಾವನ್ನು ಹಿಡಿಯಲು ಇನ್ನೊಂದು ದಾರಿ ರೇಡಿಯೊ. ಕಾದ ಕರೋನಾ ರೇಡಿಯೊ ಅಲೆಗಳನ್ನೂ ಹೊಮ್ಮಿಸುತ್ತದೆ. ಅವಕ್ಕೆ ಮೋಡದ ಹಂಗಿಲ್ಲ, ಬಿಂಬವನ್ನು ಮರೆಮಾಡುವ ಅಗತ್ಯವೂ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಖಭೌತ ಸಂಸ್ಥೆ 1997ರಿಂದ ನಡೆಸುತ್ತಿರುವ ರೇಡಿಯೊ ಹೀಲಿಯೊಗ್ರಾಫ್ ಇಂಥದು. ನೋಡಲು ಒಂದು ಕಾಲದಲ್ಲಿ ಮನೆಮಾಳಿಗೆಗಳ ಮೇಲಿದ್ದ ಟಿ.ವಿ. ಆಂಟೆನಾಗಳನ್ನು ನೂರಾರು ಸಂಖ್ಯೆಯಲ್ಲಿ ಬಯಲಿನಲ್ಲಿ ಸಾಲಾಗಿ ನೆಟ್ಟಂತಿದೆ. ಕರೋನಾದಲ್ಲಿ ಸ್ಫೋಟವಾದರೆ ಅದರ ಸದ್ದು ಈ ಬಯಲಿಗೆ ಎಂಟು ನಿಮಿಷಗಳಲ್ಲಿ ಮುಟ್ಟುತ್ತದೆ.

ಸಿಡಿದದ್ದು ಎಲ್ಲಿಗೆ ಬರುತ್ತದೆ?

ಸ್ಫೋಟ ಏಕಾಗುತ್ತದೆ? ಸೂರ್ಯ ಗಟ್ಟಿ ಗೋಳವಲ್ಲ. ಅದರ ನಡುಭಾಗ ಸುಮಾರು 25 ದಿನಗಳಲ್ಲಿ ಒಂದು ಸುತ್ತು ತಿರುಗಿದರೆ ಧ್ರುವಗಳ ಕಡೆ ಅದಕ್ಕಿಂತ ಹತ್ತು ದಿನ ಹೆಚ್ಚು ಬೇಕು. ಒಳಗಿನ ಕಾಂತಕ್ಷೇತ್ರ ಇದರಿಂದ ಹಗ್ಗದಂತೆ ಹುರಿಗೊಳ್ಳುತ್ತದೆ. ಹುರಿ ಮಿತಿಮೀರಿದ ಹಗ್ಗ ಗಂಟುಗಂಟಾಗಿ ಮೇಲೆದ್ದು ನಿಲ್ಲುವುದನ್ನು ಹಗ್ಗ ಹೊಸೆದವರೆಲ್ಲ ಬಲ್ಲರು. ಸೂರ್ಯನಲ್ಲಿ ಆ ಗಂಟು ಮೇಲ್ಮೈ ಸೀಳಿ ಬಂದ ಜಾಗವೇ ಸೌರಕಲೆ. ಎಳೆಗಳು ತುಂಡಾಗಿ ಬೇರೆ ರೀತಿ ಕೂಡಿಕೊಂಡಾಗ ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬೀಳುತ್ತದೆ. ಬೆಳಕು, ಕ್ಷಕಿರಣಗಳಾಗಿ ಬಂದರೆ ಅದು ಸೌರಸ್ಫೋಟ. ಕೆಲವೊಮ್ಮೆ ಅದರ ಜೊತೆಗೆ ಕರೋನಾದ ಒಂದು ಭಾಗವೇ, ನೂರಾರು ಕೋಟಿ ಟನ್ ದ್ರವ್ಯ, ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೊಮೀಟರ್ ವೇಗದಲ್ಲಿ ಬಾಹ್ಯಾಕಾಶಕ್ಕೆ ಸಿಡಿಯುತ್ತದೆ. ಇದು ದ್ರವ್ಯಸಿಡಿತ.

1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಇಂಗ್ಲೆಂಡಿನ ರೆಡ್‌ಹಿಲ್‌ನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂದಿನಂತೆ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಮೂಡಿಸಿಕೊಂಡು ಕಲೆಗಳ ಚಿತ್ರ ಬರೆಯುತ್ತಿದ್ದ. ದೊಡ್ಡದೊಂದು ಕಲೆಗಳ ಗುಂಪಿನ ನಡುವೆ ಎರಡು ಬೆಳ್ಳನೆಯ ತೇಪೆಗಳು ಥಟ್ಟನೆ ಹೊತ್ತಿಕೊಂಡು ಐದು ನಿಮಿಷಗಳಲ್ಲಿ ಆರಿದವು. ಇನ್ನೂ ಒಂದು ದಿನ ಕಳೆಯುವ ಮೊದಲೇ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾಯಿತು. ಧ್ರುವಗಳ ಬಳಿ ಕಾಣಬೇಕಾದ ಧ್ರುವಪ್ರಭೆ ಕ್ಯೂಬಾದಲ್ಲಿ ಕಂಡಿತು. ಟೆಲಿಗ್ರಾಫ್ ತಂತಿಗಳಲ್ಲಿ ತಾನಾಗಿ ವಿದ್ಯುತ್ ಹರಿದು ನೌಕರರಿಗೆ ಆಘಾತವಾಯಿತು. ಅಮೆರಿಕದ ಒಂದು ಮಾರ್ಗದಲ್ಲಿ ಬ್ಯಾಟರಿ ತೆಗೆದುಹಾಕಿ ಬರೀ ಆ ವಿದ್ಯುತ್ತಿನಿಂದಲೇ ಸಂದೇಶ ಕಳಿಸಿದರು.

ಆ ಬಿರುಗಾಳಿ ಎಷ್ಟು ದೊಡ್ಡದು ಎಂದು ಅಳೆಯಲು ವಿಜ್ಞಾನಿಗಳಿಗೆ 2003ರಲ್ಲಿ ನೆರವಾದದ್ದು ಮುಂಬಯಿಯ ಕೊಲಾಬಾ ವೇಧಶಾಲೆಯ ಹಳೆಯ ದಾಖಲೆ. ಅಲ್ಲಿ ಹಗಲು ರಾತ್ರಿ ಸರದಿಯ ಮೇಲೆ ಕಾಂತಮಾಪಕದ ಸೂಚಿಯನ್ನು ನೋಡಿ ಬರೆದಿಡುವ ಪದ್ಧತಿಯಿತ್ತು. ಸೂಚಿ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದು ಮೇಲೆದ್ದದ್ದನ್ನು ಅವರು ಬರೆದಿದ್ದರು. ಏಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಬರೆಯುವುದು ಅವರ ಕೆಲಸ, ಬರೆದರು. ನೂರ ನಲವತ್ತನಾಲ್ಕು ವರ್ಷಗಳ ಮೇಲೆ ಅದಕ್ಕೆ ಬೆಲೆ ಬಂತು.

1859ರಲ್ಲಿ ಕೆಟ್ಟದ್ದು ಟೆಲಿಗ್ರಾಫ್ ಮಾತ್ರ. ಈಗ ನಮ್ಮ ಬದುಕು ಅದಕ್ಕಿಂತ ಎಷ್ಟೋ ಹೆಚ್ಚು ತಂತಿಗಳಿಗೂ ಉಪಗ್ರಹಗಳಿಗೂ ಕಟ್ಟುಬಿದ್ದಿದೆ. 1989ರ ಮಾರ್ಚ್ 13ರಂದು ಅಂಥದೊಂದು ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಉರುಳಿಸಿತು. ಅರವತ್ತು ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ವಾತಾವರಣದ ಮೇಲ್ಪದರವನ್ನು ಉಬ್ಬಿಸಿದ್ದರಿಂದ, ಆಗಷ್ಟೇ ಹಾರಿಬಿಟ್ಟಿದ್ದ 49 ಉಪಗ್ರಹಗಳಲ್ಲಿ 38 ಕೆಳಗಿಳಿದು ಉರಿದುಹೋದವು. 2024ರ ಮೇ 10–11ರ ರಾತ್ರಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದನ್ನು ಪತ್ರಿಕೆಗಳಲ್ಲಿ ನೋಡಿರಬಹುದು. ಅದೂ ಸೂರ್ಯನ ಒಂದು ಭಾರೀ ಕಲೆಗುಂಪು ಒಂದರ ಹಿಂದೊಂದು ಸಿಡಿಸಿದ ದ್ರವ್ಯದ ಫಲ.

ಸ್ಫೋಟದ ಬೆಳಕು ಎಂಟು ನಿಮಿಷಕ್ಕೆ ಬಂದರೆ ಸಿಡಿದ ದ್ರವ್ಯ ಇಲ್ಲಿಗೆ ಬರಲು ಸುಮಾರು ಹದಿನೈದು ಗಂಟೆಗಳಿಂದ ಮೂರು ನಾಲ್ಕು ದಿನ ಹಿಡಿಯುತ್ತದೆ. ಆ ಅವಧಿಯೇ ನಮ್ಮ ಪಾಲಿಗೆ ಸಿಗುವ ಎಚ್ಚರಿಕೆ. ವಿದ್ಯುತ್ ಜಾಲದ ಹೊರೆ ತಗ್ಗಿಸಬಹುದು, ಉಪಗ್ರಹಗಳ ಸೂಕ್ಷ್ಮ ಭಾಗಗಳನ್ನು ಆರಿಸಿಡಬಹುದು, ಧ್ರುವಗಳ ಮೇಲಿನ ವಿಮಾನಗಳ ದಾರಿ ಬದಲಿಸಬಹುದು. ಆದರೆ ಸಿಡಿದದ್ದನ್ನು ಆ ಕ್ಷಣ ಯಾರಾದರೂ ನೋಡಿರಬೇಕು.

ಹಸಿರು ಗೆರೆ, ಮತ್ತೊಮ್ಮೆ

ನೆಲದಿಂದ ಈ ಕಾವಲು ಸಾಧ್ಯವಿಲ್ಲ. ರಾತ್ರಿಯಿದೆ, ಮೋಡವಿದೆ, ಗಾಳಿಯಿದೆ. ದ್ರವ್ಯಸಿಡಿತ ಎಂಬುದೊಂದಿದೆ ಎಂದು ಸ್ಪಷ್ಟವಾಗಿ ಕಂಡದ್ದೇ 1971ರ ಡಿಸೆಂಬರಿನಲ್ಲಿ, ಒಎಸ್‌ಒ–7 ಉಪಗ್ರಹದಲ್ಲಿದ್ದ ಲಿಯೊ ಮಾದರಿಯ ಉಪಕರಣದಿಂದ. ಐದು ನಿಮಿಷಗಳ ಗ್ರಹಣದಲ್ಲಿ ಗಂಟೆಗಟ್ಟಲೆ ನಡೆಯುವ ಸಿಡಿತ ಗೊತ್ತಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ. 1995ರ ಡಿಸೆಂಬರಿನಲ್ಲಿ ಹಾರಿದ ಸೋಹೊ ನೌಕೆ ಭೂಮಿಯಿಂದ 15 ಲಕ್ಷ ಕಿಲೊಮೀಟರ್ ದೂರದ ಎಲ್–1 ಎಂಬ ನೆಲೆಗೆ ಹೋಗಿ ನಿಂತಿತು. ಸೂರ್ಯ, ಭೂಮಿಗಳ ಸೆಳೆತಗಳು ಹೊಂದಿಕೊಂಡು ನೌಕೆ ಭೂಮಿಯ ಜೊತೆಜೊತೆಗೇ ಸಾಗುವ ತಾಣ ಅದು. ಅಲ್ಲಿ ರಾತ್ರಿಯೂ ಇಲ್ಲ, ಗ್ರಹಣವೂ ಇಲ್ಲ.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ನಮ್ಮ ಆದಿತ್ಯ–ಎಲ್1, 2024ರ ಜನವರಿ 6ರಂದು ಅದೇ ನೆಲೆ ಸೇರಿತು. ಅದರ ಏಳು ಉಪಕರಣಗಳಲ್ಲಿ ಪ್ರಮುಖವಾದ ವೆಲ್ಕ್ ತಯಾರಾದದ್ದು ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ, ಖಭೌತ ಸಂಸ್ಥೆಯ ಆವರಣದಲ್ಲಿ. ಕೊಡೈಕೆನಾಲಿನ ಗಾಜಿನ ಫಲಕಗಳ ವಾರಸುದಾರರೇ ಇದರ ತಯಾರಕರು. ನಿಮಿಷಕ್ಕೊಂದರಂತೆ ದಿನಕ್ಕೆ 1,440 ಚಿತ್ರ ತೆಗೆಯಬೇಕೆಂಬುದು ಇದರ ಉದ್ದೇಶ. ಅದು ಗಮನವಿಡುವ ಗೆರೆಗಳಲ್ಲಿ ಒಂದು, 1869ರಲ್ಲಿ ಮೊದಲು ಕಂಡು ಎಪ್ಪತ್ತು ವರ್ಷ ಒಗಟಾಗಿ ಕಾಡಿದ ಕಬ್ಬಿಣದ ಅದೇ ಹಸಿರು ಗೆರೆ. 2024ರ ಜುಲೈ 16ರಂದು ಸೂರ್ಯನ ಅಂಚಿನಲ್ಲಾದ ದ್ರವ್ಯಸಿಡಿತವನ್ನು ವೆಲ್ಕ್ ಈ ಗೆರೆಯಲ್ಲೇ ಹಿಡಿಯಿತು. ಸಿಡಿತದ ಜಾಗದಲ್ಲಿ ಹಸಿರು ಬೆಳಕು ಸುಮಾರು ಅರ್ಧಕ್ಕೆ ಕುಗ್ಗಿತ್ತು. ಅಲ್ಲಿದ್ದ ದ್ರವ್ಯ ಹೊರಟುಹೋಗಿತ್ತು, ಅಷ್ಟೇ.

ಈ ನೂರೈವತ್ತು ವರ್ಷಗಳ ಕತೆಯನ್ನು ಯಂತ್ರಗಳ ಕತೆಯಾಗಿ ಹೇಳುವುದು ವಾಡಿಕೆ. ಯಂತ್ರಗಳಷ್ಟೇ ಮುಖ್ಯವಾದದ್ದು ಬಿಡದೆ ಬರೆದಿಟ್ಟವರ ಶಿಸ್ತು. ಹೆಸರು ಉಳಿದವರು ಜಾನ್ಸೆನ್, ಎವರ್ಷೆಡ್‌ರಂಥ ಕೆಲವರು. ಆದರೆ ಕೊಲಾಬಾದಲ್ಲಿ ರಾತ್ರಿ ಎದ್ದು ಸೂಚಿ ನೋಡಿದವರು, ಕೊಡೈಕೆನಾಲಿನ ಚಳಿಯಲ್ಲಿ ಬೆಳಗಾಗುತ್ತಲೇ ಫಲಕ ಹೂಡಿದವರು ಯಾರು ಯಾರೋ. ಅವರಿಗೆ ಅಂದು ಹೊಸದೇನೂ ಕಂಡಿರಲಿಕ್ಕಿಲ್ಲ. ಮಳೆಯ ಗುಟ್ಟು ತಿಳಿಯಲೆಂದು ಶುರುವಾದ ಕೆಲಸ ಮಳೆಯ ಗುಟ್ಟನ್ನು ಹೇಳಲಿಲ್ಲ. ಆಗ ಯಾರೂ ಕೇಳಿರದ ಪ್ರಶ್ನೆಗಳಿಗೆ ಉತ್ತರವಾಗಿ ಕೂತಿತು. ಇಂದು ಎಲ್–1ರಿಂದ ಇಳಿದುಬರುತ್ತಿರುವ ಚಿತ್ರಗಳಲ್ಲಿಯೂ ನಾಳಿನವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾರೋ ಹೇಳಬಲ್ಲವರಿಲ್ಲ. ಜಮಖಂಡಿಯಲ್ಲಿ ಮೋಡ ಸರಿಯುವುದನ್ನು ಕಾದ ಹರ್ಷೆಲನಿಗೂ ಅದು ತಿಳಿದಿರಲಿಲ್ಲ. ಮೋಡ ಸರಿದಾಗ ಅವನು ಅಲ್ಲಿದ್ದ, ನೋಡಿದ, ಬರೆದಿಟ್ಟ.